ವಾರಕ್ಕೊಂದು ಪಿಕ್ ಸವೀತಿದೆ, ದಪ್ಪದ್ದು ತಗೊಂಡ್ರೆ ತಂತಿ ಕಟ್ ಆಗತ್ತಾ?

ಪ್ರಶ್ನೆ: ಸರ್, ಎರಡು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸ್ತಿದೀನಿ, ಜಾಸ್ತಿ ಸ್ಟ್ರಮ್ಮಿಂಗೇ (ಎಲ್ಲ ತಂತಿ ಒಟ್ಟಿಗೆ ಮೀಟೋದು). ಮೂರು ತಿಂಗಳ ಹಿಂದೆ ಒಂದು ಎಲೆಕ್ಟ್ರಿಕ್ ತಗೊಂಡು ಲೀಡ್ (ಒಂದೊಂದೇ ಸ್ವರ ನುಡಿಸೋದು) ಕಲಿಯಕ್ಕೆ ಶುರು ಮಾಡಿದೀನಿ. ಮೊದಲನೇ ಗಿಟಾರ್ ಜೊತೆ ಬಂದಿದ್ದ 0.46 ಮಿಲಿಮೀಟರ್ ದಪ್ಪದ, ತಂತಿ ಮೀಟೋ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ ಪಿಕ್ಕನ್ನೇ ಮತ್ತೆ ಮತ್ತೆ ತರಿಸಿ ಬಳಸ್ತಿದೀನಿ. ದಿನಕ್ಕೆ ಒಂದು ಗಂಟೆ ನುಡಿಸಿದ್ರೆ ವಾರದೊಳಗೆ ಅಂಚು ಗರಗಸದ ಹಲ್ಲಿನ ಥರ ಆಗತ್ತೆ, ಮಧ್ಯದಲ್ಲಿ ಒಂದು ಬಿಳಿ ಗೆರೆ ಬಿದ್ದು ಆಮೇಲೆ ಮುರಿದೇ ಹೋಗತ್ತೆ. ಲೀಡ್ ನುಡಿಸುವಾಗ ತಂತಿ ಶಬ್ದಕ್ಕಿಂತ 'ಟಕ್ ಟಕ್' ಅನ್ನೋದೇ ಜಾಸ್ತಿ ಕೇಳ್ಸತ್ತೆ. ಕೈ ಬೆವರಿ ಪಿಕ್ ಬೆರಳ ಮಧ್ಯೆ ತಿರುಗಿ ಹೋಗತ್ತೆ. 1.5 ದಪ್ಪದ್ದು ತಗೋ ಅಂತ ಒಬ್ರು, ದಪ್ಪದ್ದು ತಂತಿ ಕಟ್ ಮಾಡತ್ತೆ ಅಂತ ಇನ್ನೊಬ್ರು, ಈಗ್ಲೇ ನಂಗೆ ಒಂದನೇ ತಂತಿ ತಿಂಗಳಿಗೆ ಎರಡು ಸಲ ಕಟ್ ಆಗ್ತಿದೆ. ಪಿಕ್ ಮೆಟೀರಿಯಲ್‌ನಿಂದ ಟೋನ್ ನಿಜವಾಗ್ಲೂ ಬದಲಾಗತ್ತಾ, ಅಥವಾ ಬರೀ ಭ್ರಮೆನಾ? ಫ್ರೆಂಡ್ ಹತ್ರ ಹೇಳ್ಕೊಂಡ್ರೆ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಅಂತ ನಗ್ತಾನೆ. ಒಂದು ತುಂಬ ದುಬಾರಿ ಪಿಕ್ ಮೇಲೆ ಕಣ್ಣು ಬಿದ್ದಿದೆ, ತಗೊಳ್ಲಾ?

ಉತ್ತರ: ಮೊದ್ಲು ನಿಮ್ಮ ಫ್ರೆಂಡ್‌ಗೆ ಹೇಳಿ, ನಿಮ್ಮ ವಿಷ್ಯದಲ್ಲಿ ನೆಲ ನಿಜವಾಗ್ಲೂ ಡೊಂಕಿದೆ. ಕುಣಿತದಲ್ಲೂ ಸ್ವಲ್ಪ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ನಿಮ್ಮ ಪತ್ರ ಓದಿದ್ರೆ ನೀವು ಕೇಳ್ತಿರೋದು ಒಂದೇ ಪ್ರಶ್ನೆ ಥರ ಕಾಣ್ಸತ್ತೆ, ಯಾವ ಪಿಕ್ ತಗೊಳ್ಲಿ ಅಂತ. ಆದ್ರೆ ಒಳಗೆ ನಾಲ್ಕು ಬೇರೆ ಬೇರೆ ತೊಂದ್ರೆ ಒಂದಕ್ಕೊಂದು ಸುತ್ಕೊಂಡಿವೆ: ಪಿಕ್ ಬೇಗ ಸವೆಯೋದು, ಟಕ್ ಟಕ್ ಶಬ್ದ, ಕೈಯಲ್ಲಿ ನಿಲ್ಲದೆ ಇರೋದು, ತಂತಿ ಕಟ್ ಆಗೋದು. ಇದ್ರಲ್ಲಿ ಮೊದಲ ಮೂರಕ್ಕೆ ಪಿಕ್ಕಿಗೂ ಸಂಬಂಧ ಇದೆ ನಿಮ್ಮ ಕೈಗೂ ಇದೆ, ನಾಲ್ಕನೇದಕ್ಕೆ ಹೆಚ್ಚು ಕಮ್ಮಿ ಎರಡಕ್ಕೂ ಸಂಬಂಧ ಇಲ್ಲ. ನಾನು ಎಷ್ಟೋ ವರ್ಷದಿಂದ ಒಂದು ಕಡೆ ಗಿಟಾರ್ ರಿಪೇರಿ, ಇನ್ನೊಂದು ಕಡೆ ಪಾಠ ಎರಡೂ ಮಾಡ್ಕೊಂಡು ಬಂದಿದೀನಿ, ಹೊಸ ಸ್ಟೂಡೆಂಟ್ ಬಂದಾಗ ನಾನು ಮೊದಲು ಕೇಳೋದು ನುಡಿಸಿ ತೋರಿಸು ಅಂತ ಅಲ್ಲ, ನಿನ್ನ ಹಳೇ ಪಿಕ್ ಕೊಡು ಅಂತ. ಚಪ್ಪಲಿ ಅಟ್ಟೆ ಸವೆದಿರೋದು ನೋಡಿದ್ರೆ ಆ ಮನುಷ್ಯ ಹೆಂಗೆ ನಡೀತಾನೆ ಅಂತ ಗೊತ್ತಾಗತ್ತಲ್ಲ, ಹಾಗೇನೇ ಇದೂ.

ತುದಿ ಎರಡೂ ಕಡೆ ಸಮವಾಗಿ ಮೊಂಡಾಗಿದ್ರೆ ಅದು ಸಹಜ ಸವೆತ, ಏನೂ ತಲೆ ಕೆಡಿಸ್ಕೋಬೇಡಿ. ತುದಿಯ ಒಂದು ಪಕ್ಕ ಮಾತ್ರ ಇಳಿಜಾರಾಗಿ ಸವೆದಿದ್ರೆ ಪಿಕ್ಕನ್ನ ಓರೆ ಹಿಡಿದು ತಂತಿ ಮೇಲೆ ಜಾರಿಸ್ತಿದೀರ ಅಂತ ಅರ್ಥ, ಅದೂ ತಪ್ಪಲ್ಲ, ಬಹಳ ಜನ ಒಳ್ಳೆ ಲೀಡ್ ನುಡಿಸೋರ ಪಿಕ್ ಹಾಗೇ ಇರತ್ತೆ. ಆದ್ರೆ ನಿಮ್ಮ ಹಾಗೆ ಗರಗಸದ ಹಲ್ಲು ಬಂದಿದ್ರೆ, ಪಿಕ್ಕಿನ ಅಂಚು ಸುತ್ತಿದ ತಂತಿಗಳ ಮೇಲೆ, ಅಂದ್ರೆ ದಪ್ಪ ತಂತಿಗಳ ಮೇಲೆ ಅಡ್ಡಡ್ಡ ಉಜ್ಜಿ ಹೋಗ್ತಿದೆ. ಆ ತಂತಿ ಬರಿಗಣ್ಣಿಗೆ ನುಣ್ಣಗೆ ಕಾಣ್ಸಿದ್ರೂ ಅದ್ರ ಮೇಲೆ ಇನ್ನೊಂದು ಲೋಹದ ತಂತಿ ಸುರುಳಿ ಸುತ್ತಿರತ್ತೆ, ಅಕೌಸ್ಟಿಕ್‌ನಲ್ಲಿ ಕಂಚು, ಎಲೆಕ್ಟ್ರಿಕ್‌ನಲ್ಲಿ ಸಾಮಾನ್ಯವಾಗಿ ನಿಕ್ಕಲ್ ಲೇಪಿಸಿದ ಸ್ಟೀಲು. ಪ್ಲಾಸ್ಟಿಕ್ ಪಾಲಿಗೆ ಅದು ಅರ ಇದ್ದ ಹಾಗೆ, ನಿಮಿಷಕ್ಕೆ ನೂರು ಸಲ ಅರದ ಮೇಲೆ ಉಜ್ಜಿದ್ರೆ ಏನು ತಾನೆ ಉಳಿಯತ್ತೆ ಹೇಳಿ. ಇನ್ನು ಮಧ್ಯದ ಬಿಳಿ ಗೆರೆ, ಅದು ಸವೆತವೇ ಅಲ್ಲ. ಪಿಕ್ ಒಂದೇ ಜಾಗದಲ್ಲಿ ಬಗ್ಗಿ ಬಗ್ಗಿ ದಣಿದಿದೆ, ನಿಮ್ಮ ಕೈ ಹಾಕ್ತಿರೋ ಬಲಕ್ಕೆ ಆ ದಪ್ಪ ಸಾಲಲ್ಲ ಅಂತ ಅದೇ ಹೇಳ್ತಿದೆ.

ಹಾಗಾದ್ರೆ ದಪ್ಪದ್ದು ತಗೋ ಅಂದವರು ಸರಿನಾ? ಅರ್ಧ ಸರಿ. ದಪ್ಪ ಮತ್ತು ಗಟ್ಟಿತನದ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಯಾವುದೇ ಪಟ್ಟಿ ಬಗ್ಗೋದು ಎಷ್ಟು ಕಷ್ಟ ಅನ್ನೋದು ಅದ್ರ ದಪ್ಪದ ಘನಕ್ಕೆ ತಕ್ಕ ಹಾಗೆ ಏರತ್ತೆ. ಅಂದ್ರೆ ಅದೇ ಮೆಟೀರಿಯಲ್, ಅದೇ ಆಕಾರ, ದಪ್ಪ ಎರಡು ಪಟ್ಟು ಮಾಡಿದ್ರೆ ಗಟ್ಟಿತನ ಎರಡು ಪಟ್ಟಲ್ಲ, ಎಂಟು ಪಟ್ಟು. ನೀವು 0.46 ಬಿಟ್ಟು 0.73ಕ್ಕೆ ಹೋದ್ರೆ ಕಣ್ಣಿಗೆ ಕೂದಲೆಳೆ ವ್ಯತ್ಯಾಸ ಕಾಣ್ಸಬಹುದು, ಕೈಗೆ ಮಾತ್ರ ಸುಮಾರು ನಾಲ್ಕು ಪಟ್ಟು ಗಟ್ಟಿ ಅನ್ಸತ್ತೆ. ಸೀದಾ 1.5ಕ್ಕೆ ಹಾರಿದ್ರೆ ಮೂವತ್ತು ಪಟ್ಟಿಗೂ ಜಾಸ್ತಿ! ಅದಕ್ಕೇ ತೆಳು ಪಿಕ್ಕಲ್ಲಿ ವರ್ಷಗಟ್ಟಲೆ ನುಡಿಸಿದವರು ಒಂದೇ ಸಲಕ್ಕೆ ದಪ್ಪ ಪಿಕ್ ಹಿಡಿದ್ರೆ ಮರದ ತುಂಡು ಹಿಡಿದ ಹಾಗಾಗಿ, ತಂತಿಗೆ ಸಿಕ್ಕಾಕ್ಕೊಂಡು, ಎರಡು ದಿನಕ್ಕೆ 'ಇದು ನಂಗಲ್ಲ' ಅಂತ ಡ್ರಾಯರ್‌ಗೆ ಹಾಕ್ತಾರೆ. ತಪ್ಪು ಪಿಕ್ಕಿಂದಲ್ಲ, ಮೆಟ್ಲು ಬಿಟ್ಟು ಹಾರಿದ್ದು.

ಇದೇ ಲೆಕ್ಕದಿಂದ ಇನ್ನೊಂದು ವಿಷ್ಯಾನೂ ಗೊತ್ತಾಗತ್ತೆ. ಪಿಕ್ ಮೇಲೆ ಥಿನ್, ಮೀಡಿಯಂ, ಹೆವಿ ಅಂತ ಬರೆದಿರೋದನ್ನ ನಂಬ್ಕೊಂಡು ಕೂರಬೇಡಿ, ಒಬ್ಬೊಬ್ರ ಮೀಡಿಯಂ ಒಂದೊಂದು ಥರ. ಮಿಲಿಮೀಟರ್ ನೋಡಿ. ಮಿಲಿಮೀಟರ್ ಒಂದೇ ಇದ್ರೂ ಮೆಟೀರಿಯಲ್ ಬೇರೆ ಆದ್ರೆ ಫೀಲ್ ಬೇರೆ, 0.73 ನೈಲಾನ್ ಮೆತ್ತಗೆ ಬಳುಕತ್ತೆ, 0.73 ಅಲ್ಟೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕು ಸೆಟೆದು ನಿಲ್ಲತ್ತೆ.

ಈಗ ಟೋನ್ ವಿಷ್ಯ, ಭ್ರಮೆನಾ ನಿಜಾನಾ ಅಂತ ಕೇಳಿದ್ರಿ. ನಿಜ, ಆದ್ರೆ ಜನ ಹೇಳೋ ಕ್ರಮದಲ್ಲಲ್ಲ. ಎಲ್ರೂ ಮೆಟೀರಿಯಲ್ ಮೊದಲು ಇಡ್ತಾರೆ, ನನ್ನ ಲೆಕ್ಕದಲ್ಲಿ ಅದು ಕೊನೆಗೆ ಬರತ್ತೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾಡೋದು ನೀವು ತಂತೀನ ಎಲ್ಲಿ ಮೀಟ್ತೀರ ಅನ್ನೋದು, ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿ ಕೂರೋ ಪಟ್ಟಿ) ಹತ್ರ ಮೀಟಿದ್ರೆ ಚುರುಕು, ಫ್ರೆಟ್‌ಬೋರ್ಡ್ (ಬೆರಳು ಒತ್ತೋ ಕತ್ತಿನ ಭಾಗ) ಕಡೆ ಬಂದ್ರೆ ದುಂಡು, ಇದಕ್ಕೆ ಖರ್ಚೇ ಇಲ್ಲ. ಆಮೇಲೆ ತುದಿ ಆಕಾರ. ಚೂಪಾದ ತುದಿ ತಂತೀನ ಒಂದೇ ಬಿಂದುವಲ್ಲಿ ಮುಟ್ಟಿ ಥಟ್ಟನೆ ಬಿಡತ್ತೆ, ಮೂಲ ಸ್ವರದ ಜೊತೆಗಿನ ಮೇಲಿನ ಸಣ್ಣ ಅಲೆಗಳು, ಅಂದ್ರೆ ಹಾರ್ಮೋನಿಕ್‌ಗಳೆಲ್ಲ ಏಳ್ತವೆ, ಶಬ್ದ ಹೊಳೆಯತ್ತೆ. ದುಂಡನೆ ತುದಿ ತಂತಿಯ ಸ್ವಲ್ಪ ಅಗಲ ಜಾಗ ಮುಟ್ಟಿ ಜಾರ್ಕೊಂಡು ಬಿಡತ್ತೆ, ಆ ಸಣ್ಣ ಸಣ್ಣ ಅಲೆಗಳು ಅಲ್ಲೇ ಅಡಗ್ತವೆ, ಶಬ್ದ ಬೆಚ್ಚಗಾಗತ್ತೆ. ಉಗುರಲ್ಲಿ ಮೀಟೋದಕ್ಕೂ ಬೆರಳ ತುದಿ ಮಾಂಸದಲ್ಲಿ ಮೀಟೋದಕ್ಕೂ ಇರೋ ವ್ಯತ್ಯಾಸ ಇದೇ. ನಂಬಿಕೆ ಬರ್ದಿದ್ರೆ ನಿಮ್ಮ ಪಿಕ್ಕನ್ನೇ ತಿರುಗಿಸಿ ಹಿಂದಿನ ದುಂಡು ಮೂಲೆಯಿಂದ ನುಡಿಸಿ ನೋಡಿ, ಬೇರೆ ಗಿಟಾರೇ ಅನ್ಸತ್ತೆ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಹಾಗೇ ದುಂಡು ಕಡೆಯಿಂದ ನುಡಿಸ್ತಿದ್ರು, ಅಷ್ಟು ದಪ್ಪ ತಂತಿ ಅಷ್ಟು ದಪ್ಪ ಶಬ್ದ.

ಮೂರನೇದು ಕೋನ. ಪಿಕ್ ತಂತಿಗೆ ನೇರ ಚಪ್ಪಟೆಯಾಗಿ ತಾಗಿದ್ರೆ ಹೊಡೆತ ಗಟ್ಟಿ, ಸ್ವಲ್ಪ ಓರೆ ಆದ್ರೆ ಜಾರತ್ತೆ, ವೇಗ ಸಿಗತ್ತೆ, ಆದ್ರೆ ತುಂಬ ಓರೆ ಆದ್ರೆ ದಪ್ಪ ತಂತಿಗಳ ಮೇಲೆ 'ಚರ್ ಚರ್' ಅಂತ ಉಜ್ಜೋ ಶಬ್ದ ಶುರು, ಜೊತೆಗೆ ನಿಮ್ಮ ಗರಗಸ. ನಾಲ್ಕನೇದು ದಪ್ಪ. ಮೆಟೀರಿಯಲ್ ಇದೆಲ್ಲ ಆದ್ಮೇಲೆ. ಅದು ತಂತಿಯ ಶಬ್ದಕ್ಕಿಂತ ಪಿಕ್ಕಿನದೇ ಶಬ್ದಾನ, ಅಂದ್ರೆ ತಾಗುವಾಗ ಬರೋ ಕ್ಲಿಕ್ಕು ಮತ್ತು ಉಜ್ಜೋ ಶಬ್ದಾನ ಜಾಸ್ತಿ ಬದಲಾಯಿಸತ್ತೆ. ಕ್ಲೀನ್ ಅಕೌಸ್ಟಿಕ್‌ನಲ್ಲಿ ಅದು ಚೆನ್ನಾಗೇ ಕೇಳ್ಸತ್ತೆ, ಎಲೆಕ್ಟ್ರಿಕ್‌ನಲ್ಲಿ ಡಿಸ್ಟಾರ್ಷನ್ (ಶಬ್ದಾನ ಬೇಕಂತಲೇ ಒಡಕು ಮಾಡೋದು) ಏರಿಸಿಬಿಟ್ರೆ ಬಹುಪಾಲು ಮುಚ್ಚಿ ಹೋಗತ್ತೆ. ತಂತಿ ಹಳೇದಾಗಿ ಸತ್ತು ಹೋಗಿದ್ರಂತೂ ಯಾವ ಪಿಕ್ ಹಿಡಿದ್ರೂ ಒಂದೇ.

ನಿಮ್ಮ ಟಕ್ ಟಕ್ ಎಲ್ಲಿಂದ ಬರ್ತಿದೆ ಅಂತ ಈಗ ನಿಮಗೇ ಗೊತ್ತಾಗಿರಬೇಕು. ತೆಳು ಪಿಕ್ ಮೊದಲು ತಂತಿಗೆ ಅಪ್ಪಳಿಸತ್ತೆ, ಬಗ್ಗತ್ತೆ, ಆಮೇಲೆ ತಂತಿ ಬಿಟ್ಟು ಚಿಮ್ಮಿ ನೇರ ಆಗತ್ತೆ, ಈ ಅಪ್ಪಳಿಸೋದು ಚಿಮ್ಮೋದು ಎರಡರ ಶಬ್ದಾನೂ ಸೇರಿ ಟಕ್. ಸ್ಟ್ರಮ್ಮಿಂಗ್‌ನಲ್ಲಿ ಇದೇ ಗುಣ ವರ, ಕೈ ಎಷ್ಟು ಜೋರಾಗಿ ಹೋದ್ರೂ ಪಿಕ್ ಬಗ್ಗಿ ಬಿಡೋದ್ರಿಂದ ಆರೂ ತಂತಿ ಒಂದೇ ಮಟ್ಟದಲ್ಲಿ ಕೇಳ್ಸತ್ತೆ, ಆ ಟಕ್ಕು ತಾಳದ ಹಾಗೆ ಕೂರತ್ತೆ, ರೆಕಾರ್ಡಿಂಗ್‌ನಲ್ಲಿ ಹಾಡಿನ ಹಿಂದೆ ಅಕೌಸ್ಟಿಕ್ ರಿದಮ್ ಇಡುವಾಗ ಬೇಕಂತಲೇ ತೆಳು ಪಿಕ್ ತಗೊಳ್ತಾರೆ. ಅದೇ ಲೀಡ್‌ನಲ್ಲಿ ಒಂದೊಂದೇ ಸ್ವರ ಎತ್ತುವಾಗ ನೀವು ಮೀಟಿದ ಬಲದಲ್ಲಿ ಅರ್ಧ ಪಿಕ್ ಬಗ್ಗೋದಕ್ಕೇ ಹೋಯ್ತು, ಮತ್ತೆ ಅದು ನೆಟ್ಟಗಾಗೋ ತನಕ ಮುಂದಿನ ಮೀಟು ಕಾಯಬೇಕು. ಹಾಗಾಗಿ 'ತೆಳುವಾದ್ದು ಕಲಿಯೋರಿಗೆ, ದಪ್ಪದ್ದು ಪಳಗಿದವರಿಗೆ' ಅನ್ನೋ ಮಾತು ಸುಳ್ಳು. ಕೆಲಸ ಬೇರೆ ಬೇರೆ, ಅಷ್ಟೇ. ಕಲಿಯೋರಿಗೆ ತೆಳು ಪಿಕ್ ಕೊಟ್ರೆ ಕೈ ತಪ್ಪು ಮಾಡಿದ್ರೂ ಅದು ಮುಚ್ಚಿಡತ್ತೆ, ಅದು ಒಳ್ಳೇದಾ ಕೆಟ್ಟದ್ದಾ ಅಂತ ಮೇಷ್ಟ್ರುಗಳು ಇವತ್ತಿಗೂ ಜಗಳ ಆಡ್ತಾರೆ, ನಂಗೆ ಕೆಟ್ಟದ್ದು ಅನ್ಸತ್ತೆ.

ದಪ್ಪ ಪಿಕ್ ಜೋರಾಗಿ ಕೇಳ್ಸತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. ಅದು ಬಗ್ಗಲ್ಲ, ಆದ್ರಿಂದ ಕೈ ಹಾಕಿದ ಬಲ ಪೂರ್ತಿ ತಂತಿಗೆ ಹೋಗತ್ತೆ, ಮೆಲ್ಲಗೆ ಹಾಕಿದ್ರೆ ಮೆಲ್ಲಗೆ, ಜೋರಾಗಿ ಹಾಕಿದ್ರೆ ಜೋರು. ಅಂದ್ರೆ ವಾಲ್ಯೂಮ್ ಕೊಡೋದು ಕೈಯೇ, ದಪ್ಪ ಪಿಕ್ ನಿಮ್ಮ ಪರವಾಗಿ ಏನೂ ಸರಿ ಮಾಡಲ್ಲ, ಅದೇ ಅದ್ರ ಗುಣ, ಅದೇ ಅದ್ರ ಅಪಾಯ. ಸ್ಟ್ರಮ್ಮಿಂಗ್‌ನಲ್ಲಿ ಗಟ್ಟಿ ಕೈಯೋರು 1.5 ಹಿಡಿದ್ರೆ ಬಾಗಿಲು ತಟ್ಟಿದ ಹಾಗೆ ಕೇಳ್ಸತ್ತೆ.

ಮೆಟೀರಿಯಲ್ ಬಗ್ಗೆ ಸವೆತದ ದೃಷ್ಟಿಯಿಂದ ಹೇಳ್ತೀನಿ, ಯಾಕಂದ್ರೆ ಅಲ್ಲೇ ಅದ್ರ ನಿಜವಾದ ಮಹತ್ವ ಇರೋದು. ಹಿಂದೆ ಎಲ್ರೂ ಮೆಚ್ತಿದ್ದಿದ್ದು ಆಮೆ ಚಿಪ್ಪಿನ ಪಿಕ್, ಹಾಕ್ಸ್‌ಬಿಲ್ ಅನ್ನೋ ಕಡಲಾಮೆ ಚಿಪ್ಪಿಂದ ಮಾಡ್ತಿದ್ರು. 1973ರ ಸೈಟೀಸ್ ಅಂತರರಾಷ್ಟ್ರೀಯ ಒಪ್ಪಂದದಿಂದ ಆ ವ್ಯಾಪಾರಕ್ಕೆ ತಡೆ ಬಿತ್ತು, ಬೀಳಲೇಬೇಕಿತ್ತು, ಆ ಆಮೆ ಇವತ್ತಿಗೂ ಅಳಿವಿನ ಅಂಚಲ್ಲೇ ಇದೆ. ಯಾರಾದ್ರೂ ಅಸಲಿ ಚಿಪ್ಪು ಅಂತ ಮಾರಕ್ಕೆ ಬಂದ್ರೆ ದೂರ ಇರಿ. ಅದಕ್ಕಿಂತ ಎಷ್ಟೋ ಮೊದಲೇ, 1922ರಲ್ಲಿ, ಅಮೆರಿಕದಲ್ಲಿ ಲೂಯಿಜಿ ಡಿ'ಆಂಡ್ರಿಯಾ ಅನ್ನೋರು ಸೆಲ್ಯುಲಾಯ್ಡ್ ಹಾಳೆಯಿಂದ ಪಿಕ್ ಕತ್ತರಿಸಿ ಮಾರಕ್ಕೆ ಶುರು ಮಾಡಿದ್ರು, ನಾವು ಇವತ್ತು ಮಾಮೂಲಿ ಪಿಕ್ ಅಂತ ಕರೆಯೋ 351 ಆಕಾರದ ನಂಬರ್ರೂ ಅವ್ರ ಕಂಪನಿದೇ.

ಸೆಲ್ಯುಲಾಯ್ಡ್ ಶಬ್ದ ನಂಗೆ ಇವತ್ತಿಗೂ ಇಷ್ಟ, ಬೆಚ್ಚಗಿರತ್ತೆ, ಕೈ ಬಿಸಿಗೆ ಸ್ವಲ್ಪ ಅಂಟಿ ನಿಲ್ಲತ್ತೆ, ಆದ್ರೆ ಸವೆಯೋದ್ರಲ್ಲಿ ಎಲ್ಲರಿಗಿಂತ ಮುಂದೆ, ನಿಮ್ಮ ಅನುಭವವೇ ಸಾಕ್ಷಿ. ಡೊಂಕು ನೆಲ ಅಂದಿದ್ದು ಇದಕ್ಕೇ, ತೆಳುವಾದ್ದು, ಅದ್ರಲ್ಲೂ ಸೆಲ್ಯುಲಾಯ್ಡು, ಅದನ್ನ ಹಿಡ್ಕೊಂಡು ಗಟ್ಟಿ ಕೈ. ನೈಲಾನ್ ಬೇಗ ಮುರಿಯಲ್ಲ, ಬಳುಕೋದಕ್ಕೇ ಹುಟ್ಟಿದ್ದು, ಸ್ಟ್ರಮ್ಮಿಂಗ್‌ಗೆ ತುಂಬ ಚೆನ್ನ, ಆದ್ರೆ ತೇವ ಹೀರತ್ತೆ, ಬೆವರು ಕೈಲಿ ಬಹಳ ಹೊತ್ತು ಇದ್ರೆ ಇನ್ನಷ್ಟು ಮೆತ್ತಗಾಗತ್ತೆ, ದಿನ ಕಳೆದ ಹಾಗೆ ಅಂಚಲ್ಲಿ ನಾರು ನಾರು ಎದ್ದು ಉಜ್ಜೋ ಶಬ್ದ ಜಾಸ್ತಿ ಮಾಡತ್ತೆ. ಅಸಿಟಾಲ್ ಅಂತ ಇನ್ನೊಂದಿದೆ, ಡ್ಯುಪಾಂಟ್ ಕಂಪನಿ ಡೆಲ್ರಿನ್ ಅನ್ನೋ ಹೆಸರಲ್ಲಿ ತಂದಿದ್ದು, ಗಿಯರ್ ಚಕ್ರ ಮಾಡೋ ಪ್ಲಾಸ್ಟಿಕ್ಕೇ ಅದು, ಜಾರು ಗುಣ ಜಾಸ್ತಿ ಸವೆತ ಕಮ್ಮಿ. ಡನ್ಲಪ್ ಕಂಪನಿಯ ಟಾರ್ಟೆಕ್ಸ್ ಅದ್ರಿಂದಲೇ ಮಾಡಿದ್ದು, ಆಮೆ ಚಿಪ್ಪಿನ ಜಾಗ ತುಂಬಕ್ಕೆ ಬಂದಿದ್ದರಿಂದ ಮೇಲೆ ಆಮೆ ಚಿತ್ರ ಇರತ್ತೆ, ಪುಡಿ ಮೆತ್ತಿದ ಹಾಗೆ ಮ್ಯಾಟ್ ಮೇಲ್ಮೈ. ಬಣ್ಣ ನೋಡಿ ದಪ್ಪ ಹೇಳಬಹುದು: ಕಿತ್ತಳೆ 0.60, ಹಳದಿ 0.73, ಹಸಿರು 0.88, ನೀಲಿ 1.0, ನೇರಳೆ 1.14. ಸ್ಟೇಜ್ ಮೇಲೆ ಕತ್ತಲಲ್ಲಿ ತಡಕಾಡುವಾಗ ಬಣ್ಣ ಕಾಣಲ್ಲ ಅನ್ನೋದು ಬೇರೆ ವಿಷ್ಯ. ಅಲ್ಟೆಕ್ಸ್ ಅನ್ನೋದು ಇನ್ನೂ ಗಟ್ಟಿ, ಪಾಲಿಈಥರಿಮೈಡ್ ಅಂತ ಪ್ಲಾಸ್ಟಿಕ್ಕು, ಶಬ್ದ ಚುರುಕು, ಆಯಸ್ಸು ಜಾಸ್ತಿ, ಕೆಲವರ ಕೈಗೆ ತೀರಾ ಜಾರು.

ಎಷ್ಟು ದಿನ ಬಾಳಿಕೆ ಬರಬೇಕು ಅಂದ್ರೆ ಎಲ್ಲರಿಗೂ ಒಂದೇ ಲೆಕ್ಕ ಹೇಳಕ್ಕಾಗಲ್ಲ, ನನ್ನ ಕೈಲಿ ದಿನಾ ನುಡಿಸಿದ್ರೆ ತೆಳು ಸೆಲ್ಯುಲಾಯ್ಡ್ ಎರಡು ವಾರ, 0.88 ಟಾರ್ಟೆಕ್ಸ್ ಒಂದೂವರೆ ಎರಡು ತಿಂಗಳು, ಅಲ್ಟೆಕ್ಸ್ ಸವೆದು ಎಸೆದಿದ್ದು ನೆನಪಿಲ್ಲ, ಅಷ್ಟರಲ್ಲಿ ಕಳ್ದೇ ಹೋಗಿರತ್ತೆ.

ಲೋಹ, ಕಲ್ಲು, ಮರ, ಕೊಂಬು ಇವೆಲ್ಲ ಇವೆ, ಒಂದು ಸಲ ಕುತೂಹಲಕ್ಕೆ ನುಡಿಸಿ ನೋಡಬಹುದು. ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಹಳೇ ಬ್ರಿಟಿಷ್ ಸಿಕ್ಸ್‌ಪೆನ್ಸ್ ನಾಣ್ಯದಲ್ಲಿ ನುಡಿಸ್ತಾರೆ ಅಂತ ಎಲ್ರೂ ಉದಾಹರಣೆ ಕೊಡ್ತಾರೆ, ಅವ್ರ ಕೈ ಹಗುರ, ನಮ್ಮದಲ್ಲ. ಲೋಹದ ಪಿಕ್ ತಂತಿ ಮೇಲಿನ ಸುರುಳಿ ಸವೆಸತ್ತೆ, ಅಕೌಸ್ಟಿಕ್ ಮೈಮೇಲೆ ಗೀರು ಎಳೆಯತ್ತೆ, ರಿಪೇರಿಗೆ ಬರೋ ಗಿಟಾರಲ್ಲಿ ಸೌಂಡ್‌ಹೋಲ್ (ಮೈ ಮಧ್ಯದ ದೊಡ್ಡ ತೂತು) ಕೆಳಗೆ ಪಾಲಿಷ್ ಎದ್ದು ಬೆಳ್ಳಗೆ ಮರ ಕಾಣ್ತಿದ್ರೆ ನಾನು ಸುಮ್ನೆ ಪಿಕ್ ಯಾವ್ದು ಅಂತ ಕೇಳ್ತೀನಿ. ಕಲ್ಲಿನದು ನೆಲಕ್ಕೆ ಬಿದ್ರೆ ಚಕ್ಕೆ ಏಳತ್ತೆ.

ಈಗ ತಂತಿ ಕಟ್ ಆಗೋ ಭಯ. ಯೋಚ್ನೆ ಮಾಡಿ, ಸ್ಟೀಲ್ ತಂತಿಗೆ ಪ್ಲಾಸ್ಟಿಕ್ ಉಜ್ಜಿದ್ರೆ ಸವೆಯೋದು ಯಾವುದು? ಪಿಕ್ಕಲ್ಲಿ ಗರಗಸ ಬಿತ್ತು, ತಂತೀಲಿ ಬಿತ್ತಾ? ದಪ್ಪ ಪ್ಲಾಸ್ಟಿಕ್ ಪಿಕ್ ತಂತಿ ಕತ್ತರಿಸಲ್ಲ. ನೀವು ತೆಳು ಪಿಕ್ಕಲ್ಲಿ ನುಡಿಸ್ತಾ ಇರುವಾಗ್ಲೇ ತಿಂಗಳಿಗೆ ಎರಡು ಹೋಗ್ತಿದೆ ಅಂದ್ರೆ ಕಾರಣ ಬೇರೆ ಕಡೆ ಇದೆ. ನಾನೂ ಹುಡುಗನಾಗಿದ್ದಾಗ ಸುಮಾರು ಒಂದು ವರ್ಷ ಪಿಕ್ಕನ್ನೇ ಬೈಕೊಂಡು ಓಡಾಡಿದೀನಿ, ತೆಳು ತಗೊಂಡೆ, ದಪ್ಪ ತಗೊಂಡೆ, ಒಂದಷ್ಟು ದಿನ ಬೆರಳಲ್ಲೇ ನುಡಿಸಿದೆ, ಆದ್ರೂ ಹೋಗ್ತಿತ್ತು, ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ಕು ಬ್ರಿಡ್ಜಿನ ಸ್ಯಾಡಲ್, ಅಂದ್ರೆ ತಂತಿ ಹಾದು ಹೋಗೋ ತುಂಡಿನ ಮೇಲೆ ಉಗುರಾಡಿಸಿ ನೋಡು ಅಂದ್ರು, ಅಲ್ಲೊಂದು ಕೂದಲಷ್ಟು ಚೂಪು ಮುಳ್ಳಿತ್ತು. ತುಂಬ ಸಣ್ಣ ಮರಳು ಕಾಗದದಲ್ಲಿ ನಾಲ್ಕು ಸಲ ಉಜ್ಜಿದ್ದಕ್ಕೆ ಮುಗೀತು ಕಥೆ. ಹಾಗಾಗಿ ಮುಂದಿನ ಸಲ ಕಟ್ ಆದಾಗ ತುಂಡು ಎಸೀಬೇಡಿ, ಎಲ್ಲಿ ಕಟ್ ಆಗಿದೆ ಅಂತ ಅಳೆದು ನೋಡಿ. ಸ್ಯಾಡಲ್ ಮೇಲೆ ಕೂರೋ ಜಾಗದಲ್ಲಾದ್ರೆ ಅಲ್ಲೊಂದು ಮುಳ್ಳಿದೆ, ತಂತಿ ಸುತ್ತೋ ಟ್ಯೂನರ್ ಕಂಬದ ಹತ್ರ ಆದ್ರೆ ಕಂಬದ ತೂತು ಚೂಪಿದೆ ಅಥವಾ ಸುತ್ತೋ ರೀತಿ ಸರಿ ಇಲ್ಲ. ಮೀಟೋ ಜಾಗದಲ್ಲೇ ತುಕ್ಕು ಕಲೆ ಇದ್ರೆ ಬೆವರು ಕಾರಣ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಡಿ. ಹಾಂ, ಎಲೆಕ್ಟ್ರಿಕ್‌ನಲ್ಲಿ ಒಂದನೇ ತಂತಿ ಅಂದ್ರೆ ಹೊಸದಾಗಿ ಬೆಂಡ್ (ತಂತೀನ ಪಕ್ಕಕ್ಕೆ ಎಳೆದು ಸ್ವರ ಏರಿಸೋದು) ಕಲಿಯೋರು ಅದನ್ನ ಎಷ್ಟು ಹಿಂಸೆ ಮಾಡ್ತಾರೆ ಅಂತ ನಂಗೆ ಗೊತ್ತು, ಮೊದಲ ಆರು ತಿಂಗಳು ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಪಿಕ್ ಕೈಯಲ್ಲಿ ತಿರುಗೋದು, ಇಲ್ಲೇ ನಿಮ್ಮ ಕುಣಿತದ ಭಾಗ ಬರೋದು. ನೀವು ಫೋಟೋ ಕಳ್ಸಿಲ್ಲ, ಆದ್ರೂ ಗರಗಸ, ಬಿಳಿ ಗೆರೆ, ತಿರುಗೋದು ಮೂರೂ ಒಟ್ಟಿಗೆ ಇದೆ ಅಂದ್ರೆ ನೀವು ಪಿಕ್ಕಿನ ತುಂಬ ಭಾಗ ಬೆರಳಿಂದ ಆಚೆ ಬಿಟ್ಟು, ತಂತಿಗಳ ಒಳಗೆ ಆಳಕ್ಕೆ ಇಳಿಸಿ ಹೊಡೀತಿದೀರ ಅಂತ ಧೈರ್ಯವಾಗಿ ಹೇಳ್ತೀನಿ. ಬಾಗಿಲನ್ನ ಕೀಲಿನ ಹತ್ರ ತಳ್ಳೋದಕ್ಕೂ ಹಿಡಿ ಹತ್ರ ತಳ್ಳೋದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ, ಹಾಗೇನೇ ಪಿಕ್ ಎಷ್ಟು ಉದ್ದ ಆಚೆ ಇದೆಯೋ ತಂತಿ ಅದನ್ನ ತಿರುಗಿಸಕ್ಕೆ ಅಷ್ಟು ಸುಲಭ. ತಿರುಗತ್ತೆ ಅಂತ ನೀವು ಇನ್ನೂ ಬಿಗಿಯಾಗಿ ಹಿಡೀತೀರ, ಬಿಗಿ ಹಿಡಿದಷ್ಟೂ ಮಣಿಕಟ್ಟು ಸೆಟೆಯತ್ತೆ, ಕೈ ಬೆವರತ್ತೆ, ಬೆವರಿದ್ರೆ ಮತ್ತೆ ಜಾರತ್ತೆ. ತುದಿ ಮೂರ್ನಾಲ್ಕು ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟು, ತಂತಿ ಮೇಲಿಂದ ಸವರಿ ಹೋಗೋ ಹಾಗೆ ಒಂದು ವಾರ ನಿಧಾನಕ್ಕೆ ನುಡಿಸಿ, ಸವೆತ ಅರ್ಧಕ್ಕೆ ಇಳಿಯತ್ತೆ. ಶುರುವಲ್ಲಿ ತಂತಿ ತಪ್ಪಿ ಹೋಗತ್ತೆ, ಹೋಗ್ಲಿ ಬಿಡಿ.

ಅಷ್ಟಾದ್ರೂ ಬೆವರಿನ ತೊಂದ್ರೆ ಉಳಿದ್ರೆ ಹೆಬ್ಬೆರಳು ಕೂರೋ ಜಾಗಾನ ಮರಳು ಕಾಗದದಲ್ಲಿ ಗೀರಿ ಒರಟು ಮಾಡಿ, ಅಥವಾ ಮಧ್ಯ ಒಂದು ಸಣ್ಣ ತೂತು ಮಾಡಿ, ಚರ್ಮ ಅದ್ರೊಳಗೆ ಸ್ವಲ್ಪ ಕೂತು ಹಿಡಿತ ಸಿಗತ್ತೆ. ಉಬ್ಬು ಅಕ್ಷರ, ಚುಕ್ಕಿ ಚುಕ್ಕಿ ಇರೋ ಪಿಕ್ಕುಗಳೂ ಸಿಗ್ತವೆ. ಅಂಟು ಟೇಪ್ ಮಾತ್ರ ಬೇಡ, ಬೆವರಿಗೆ ಕರಗಿ ಅಂಟೆಲ್ಲ ತಂತಿಗೆ ಬರತ್ತೆ, ಆಮೇಲೆ ಅದನ್ನ ಕ್ಲೀನ್ ಮಾಡಕ್ಕೆ ನನ್ನಂಥೋರ ಹತ್ರ ಬರ್ತೀರ.

ಹಾಗಾದ್ರೆ ಏನು ತಗೋಬೇಕು? ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಅಕೌಸ್ಟಿಕ್ ಸ್ಟ್ರಮ್ಮಿಂಗ್‌ಗೆ 0.60 ಅಥವಾ 0.73 ನೈಲಾನ್ ಒಂದು, ಎಲೆಕ್ಟ್ರಿಕ್‌ಗೆ 0.88 ಅಸಿಟಾಲ್ ಒಂದು ಇಟ್ಕೋತಿದ್ದೆ. ಎರಡಕ್ಕೂ ಒಂದೇ ಬೇಕು ಅಂದ್ರೆ 0.73 ಅಸಿಟಾಲು, ಯಾವುದಕ್ಕೂ ಪೂರ್ತಿ ಹೊಂದಲ್ಲ, ಯಾವುದಕ್ಕೂ ಪೂರ್ತಿ ಕೈ ಕೊಡಲ್ಲ. 0.88 ಎರಡು ಮೂರು ವಾರದಲ್ಲಿ ಕೈಗೆ ಕೂತ ಮೇಲೆ 1.0, 1.14 ನೋಡಿ, ಬೇಕು ಅನ್ಸಿದ್ರೆ ಮಾತ್ರ 1.5. ವೇಗದ ಲೀಡ್ ಹುಚ್ಚು ಹಿಡಿದ್ರೆ ಜಾಝ್ ತ್ರೀ ಅನ್ನೋ ಚಿಕ್ಕ ಚೂಪು ಪಿಕ್ ಇದೆ, 1.38 ನೈಲಾನ್ದು, ಗಿಟಾರಿಸ್ಟ್ ಎರಿಕ್ ಜಾನ್ಸನ್ ಹೆಸರಲ್ಲೂ ಬರತ್ತೆ, ಚಿಕ್ಕದಾಗಿರೋದ್ರಿಂದ ಆಳಕ್ಕೆ ಇಳಿಸಕ್ಕೇ ಆಗಲ್ಲ, ಕೈ ತಾನಾಗೇ ಸರಿ ಹೋಗತ್ತೆ. ಆದ್ರೆ ದೊಡ್ಡ ಬೆರಳಿನವರಿಗೆ ಅದು ಬೇಳೆ ಕಾಳು ಹಿಡಿದ ಹಾಗೆ, ಸ್ಟ್ರಮ್ ಮಾಡುವಾಗ ಕಳ್ದೇ ಹೋಗತ್ತೆ.

ಟ್ರೈ ಮಾಡುವಾಗ ಒಂದು ಸಲಕ್ಕೆ ಒಂದೇ ವಿಷ್ಯ ಬದಲಾಯಿಸಿ. ಒಂದೇ ಮೆಟೀರಿಯಲ್‌ನಲ್ಲಿ ಮೂರು ದಪ್ಪ ತಗೊಂಡು ಅದ್ರಲ್ಲಿ ಒಂದು ಆರಿಸಿ, ಆಮೇಲೆ ಆ ದಪ್ಪದಲ್ಲೇ ಬೇರೆ ಮೆಟೀರಿಯಲ್ ನೋಡಿ. ತಂತಿ ಹೊಸದಿರ್ಲಿ, ಮೀಟೋ ಜಾಗ ಒಂದೇ ಇರ್ಲಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಮಾರನೇ ದಿನ ಯಾವುದು ಯಾವ ಪಿಕ್ ಅಂತ ನೋಡದೆ ಕೇಳಿ. ಆ ನಗೋ ಫ್ರೆಂಡ್ ಇದಾನಲ್ಲ, ಅವನ ಕೈಲಿ ಹಿಂದೆ ಮುಂದೆ ಮಾಡಿ ಪ್ಲೇ ಮಾಡ್ಸಿ. ನುಡಿಸುವಾಗ ಕೈಗೆ ಆಗೋ ಖುಷಿ ಕಿವಿಗೂ ಆಯ್ತು ಅಂತ ನಾವೇ ನಂಬ್ಕೊಂಡಿರ್ತೀವಿ, ನಂಗೂ ಎಷ್ಟೋ ಸಲ ಆಗಿದೆ, ಭಾರಿ ವ್ಯತ್ಯಾಸ ಅಂದ್ಕೊಂಡಿದ್ದು ರೆಕಾರ್ಡಿಂಗಲ್ಲಿ ಕೇಳಿದ್ರೆ ಏನೂ ಇಲ್ಲ. ಹಾಗಂತ ಫೀಲ್ ಲೆಕ್ಕಕ್ಕಿಲ್ಲ ಅಂತಲ್ಲ, ಕೈಗೆ ಹಿತವಾದ ಪಿಕ್ಕಲ್ಲಿ ಜಾಸ್ತಿ ಹೊತ್ತು ನುಡಿಸ್ತೀರ, ಅದು ಸಣ್ಣ ಲಾಭ ಅಲ್ಲ.

ದುಬಾರಿ ಪಿಕ್ ಬಗ್ಗೆ. ಅವು ಮೋಸ ಅಲ್ಲ, ವಿಮಾನ, ಯಂತ್ರದ ಭಾಗಗಳಿಗೆ ಬಳಸೋ ಥರದ ಗಟ್ಟಿ ಪ್ಲಾಸ್ಟಿಕ್, ಅಂಚು ಮೊದಲೇ ಓರೆ ಮಾಡಿ ನುಣುಪು ಮಾಡಿರ್ತಾರೆ, ತಂತಿ ಮೇಲೆ ಬೆಣ್ಣೆ ಥರ ಜಾರತ್ತೆ, ವರ್ಷಗಟ್ಟಲೆ ಬಾಳತ್ತೆ. ಆದ್ರೆ ವೇಗ ಕೊಡಲ್ಲ, ನಿಮ್ಮ ಕೋನ, ಆಳ ಇನ್ನೂ ಬದಲಾಗ್ತಾ ಇರುವಾಗ ಯಾವ ದಪ್ಪ ಯಾವ ಆಕಾರ ಬೇಕು ಅಂತ ನಿಮಗೇ ಗೊತ್ತಿರಲ್ಲ. ನನ್ನ ಸ್ಟೂಡೆಂಟ್ ಒಬ್ಬ ಅಂಥದ್ದು ತರಿಸಿ ಮೂರನೇ ದಿನ ಬಟ್ಟೆ ಒಗೆಯೋ ಮೆಷಿನ್ನಲ್ಲಿ ಕಳ್ಕೊಂಡ, ಪ್ಯಾಂಟ್ ಜೇಬಲ್ಲಿತ್ತಂತೆ. ಆರು ತಿಂಗಳು ಒಂದೇ ದಪ್ಪದಲ್ಲಿ ನಿಂತ ಮೇಲೆ ಅದೇ ದಪ್ಪದಲ್ಲಿ ತಗೊಳ್ಳಿ, ಈಗ ಬೇಡ.

ಅಲ್ಲೀವರೆಗೂ ಆ ನುಣುಪಲ್ಲಿ ಮುಕ್ಕಾಲು ಭಾಗ ನೀವೇ ಮನೇಲಿ ಮಾಡ್ಕೋಬಹುದು. ಸವೆದ ಪಿಕ್ಕನ್ನ ಉಗುರು ಉಜ್ಜೋ ಅರದಲ್ಲಿ ಆಕಾರಕ್ಕೆ ತಂದು, 400 ನಂಬರ್ ಆಮೇಲೆ 1000 ನಂಬರ್ ಮರಳು ಕಾಗದದಲ್ಲಿ ತಿಕ್ಕಿ, ಕೊನೆಗೆ ಹಳೇ ಜೀನ್ಸ್ ಬಟ್ಟೆ ಮೇಲೆ ಬೆಳಕಲ್ಲಿ ಅಂಚು ಹೊಳೆಯೋ ತನಕ ಉಜ್ಜಿ. ನೈಲಾನ್ ಇದಕ್ಕೆ ಅಷ್ಟು ಬಗ್ಗಲ್ಲ, ನಾರು ಏಳತ್ತೆ, ಅಸಿಟಾಲ್, ಅಲ್ಟೆಕ್ಸ್ ಚೆನ್ನಾಗಿ ಬರ್ತವೆ. ಸೆಲ್ಯುಲಾಯ್ಡನ್ನ ಕೈಯಲ್ಲೇ ಉಜ್ಜಿ, ಮೋಟರ್ ಬಫ್‌ಗೆ ಹಿಡೀಬೇಡಿ, ಅದು ಕರ್ಪೂರ ಬೆರೆಸಿ ಮಾಡಿದ ನೈಟ್ರೋಸೆಲ್ಯುಲೋಸು, ಬಿಸಿಗೆ ಥಟ್ಟನೆ ಹತ್ಕೊಳ್ಳತ್ತೆ. ಟೇಬಲ್ ಟೆನಿಸ್ ಚೆಂಡಿಗೂ ಅದನ್ನೇ ಬಳಸ್ತಿದ್ರು, 2014ರಲ್ಲಿ ಬೇರೆ ಪ್ಲಾಸ್ಟಿಕ್‌ಗೆ ಹೋದ್ರು. ನಿಮ್ಮ ಹತ್ರ ಉಳಿದಿರೋ 0.46ಗಳಲ್ಲಿ ಬಿಳಿ ಗೆರೆ ಬಿದ್ದಿರೋದು ಎಸೆದುಬಿಡಿ, ಬರೀ ಹಲ್ಲು ಬಂದಿರೋದಿದ್ರೆ ತುದಿ ದುಂಡಗೆ ಉಜ್ಜಿ ಅಕೌಸ್ಟಿಕ್ ಕೇಸಲ್ಲಿ ಇಟ್ಕೊಳ್ಳಿ, ಮೆಲ್ಲಗೆ ಸ್ಟ್ರಮ್ ಮಾಡಕ್ಕೆ ಅದು ಹೊಸದಕ್ಕಿಂತ ಚೆನ್ನಾಗೇ ಇರತ್ತೆ. ಮುಂದಿನ ತಂತಿ ಕಟ್ ಆದ್ರೆ ತುಂಡಿನ ಫೋಟೋ ಕಳ್ಸಿ, ಎಲ್ಲಿ ಮುಳ್ಳಿದೆ ಹೇಳ್ತೀನಿ.